ಅಮೇರಿಕದ ಟೌನ್‌ಷಿಪ್ಪೂ ಅದರ ಹದಿನಾರನೆಯ ಭಾಗವೂ

ಅಮೇರಿಕವೆಂದೊಡನೆ ನಮ್ಮ ವಿದ್ಯಾರ್ಥಿನಿಯರು ನ್ಯೂಯಾರ್ಕಿನ ಗಗನಚುಂಬಿ ಸೌಧಗಳನ್ನೇ ನೆನೆಯುವುದುಂಟು. ಆದರೆ ಆ ದೇಶದ ಮಧ್ಯಭಾಗದಲ್ಲಿ, ಓಹಾಯೋ, ಇಂಡಿಯಾನ, ಅಯೋವಾ ಮೊದಲಾದ ಸಂಸ್ಥಾನಗಳಲ್ಲಿ, ಮುಸುಕಿನ ಜೋಳವೂ ಸೋಯಾ ಅವರೆಯೂ ಬೆಳೆಯುವ ವಿಸ್ತಾರವಾದ ಹಳ್ಳಿಗಾಡಿರುವುದು. ಅಲ್ಲಿಯ ಭೂಮಾಪನದ ಚೌಕಕ್ಕೆ ಟೌನ್‌ಷಿಪ್ ಎಂದು ಹೆಸರು. ಹೆಸರಿನಲ್ಲಿ ಪಟ್ಟಣವಿದ್ದರೂ ನೆಲದ ಮೇಲೆ ಪಟ್ಟಣವಿರಲೇಬೇಕೆಂಬ ನಿಯಮವಿಲ್ಲ.

1785ನೆಯ ಇಸವಿಯ ಭೂಶಾಸನದಂತೆ ಟೌನ್‌ಷಿಪ್ಪೆಂದರೆ ಆರು ಮೈಲಿ ಉದ್ದ, ಆರು ಮೈಲಿ ಅಗಲದ ನೆಲ. ಅದರಲ್ಲಿ 36 ಭಾಗಗಳು. ಭಾಗವೊಂದಕ್ಕೆ ಒಂದು ಚದರ ಮೈಲಿ, ಅಂದರೆ 640 ಎಕರೆ. ಅಳೆಯುವವರು 66 ಅಡಿಯ ಸರಪಣಿಯನ್ನು ಹಿಡಿದರು. ನಮ್ಮ ಗುಂಟೆಯ ಬದಿ 33 ಅಡಿ, ಅಂದರೆ ಆ ಸರಪಣಿಯಲ್ಲಿ ಸರಿಯಾಗಿ ಅರ್ಧ. ಆದುದರಿಂದ ನಮ್ಮ ರೈತರಿಗೆ ಈ ಲೆಕ್ಕವು ತೀರ ಹೊಸದೆನಿಸದು. ಇಂದಿಗೂ ಅಲ್ಲಿಯ ರಸ್ತೆಗಳು ಬಹುಮಟ್ಟಿಗೆ ಈ ಗೆರೆಗಳನ್ನೇ ಅನುಸರಿಸಿ ಮೈಲಿಗೊಂದರಂತೆ ನೆಟ್ಟಗೆ ಹೋಗುವುವು. ಭೂಮಿಯು ಗುಂಡಾಗಿರುವ ಕಾರಣ ದಕ್ಷಿಣೋತ್ತರ ರೇಖೆಗಳು ಉತ್ತರಕ್ಕೆ ಸಾಗಿದಂತೆಲ್ಲ ಒಂದನ್ನೊಂದು ಸಮೀಪಿಸುವುವು; ಇದನ್ನು ಸರಿಪಡಿಸಲು ನಡುನಡುವೆ ತಿದ್ದುಪಡಿಯ ಗೆರೆಗಳನ್ನು ಎಳೆದಿದ್ದಾರೆ. ಅಲ್ಲಿ ನೆಟ್ಟಗಿನ ರಸ್ತೆಯು ಥಟ್ಟನೆ ಪಕ್ಕಕ್ಕೆ ಹೊರಳಿ, ಮತ್ತೆ ಉತ್ತರಕ್ಕೆ ತಿರುಗುವುದುಂಟು. ತರಗತಿಯಲ್ಲಿ ಗೋಲವನ್ನು ತಿರುಗಿಸಿ ಹೇಳುವ ಪಾಠಕ್ಕಿಂತ ಈ ಸೊಟ್ಟ ತಿರುವೇ ಹೆಚ್ಚು ಬೋಧಪ್ರದವೆಂದು ನನ್ನ ಮತ.

ಈ ಚೌಕಗಳನ್ನು ಜನಶೂನ್ಯವಾದ ನೆಲದ ಮೇಲೆ ಎಳೆಯಲಿಲ್ಲವೆಂಬುದನ್ನೂ ಹೇಳಬೇಕು. ಷಾನೀ, ಮಯಾಮಿ, ಡೆಲಾವೇರ್ ಮೊದಲಾದ ಮೂಲನಿವಾಸಿಗಳು ಯುದ್ಧದಲ್ಲಿ ಸೋತು, 1795ರ ಗ್ರೀನ್‌ವಿಲ್ ಒಪ್ಪಂದದಿಂದ ಓಹಾಯೋವಿನ ಬಹುಭಾಗವನ್ನು ಬಿಟ್ಟುಕೊಡಬೇಕಾಯಿತು.

ನಮಗೆ ವಿಶೇಷವಾದುದು 16ನೆಯ ಭಾಗ. ಮೇಲ್ಕಂಡ ಶಾಸನವೇ ಅದನ್ನು ಶಾಲೆಗಳ ನಿರ್ವಾಹಕ್ಕಾಗಿ ಮೀಸಲಿಟ್ಟಿತು. ಶಾಲೆಯನ್ನು ಅಲ್ಲಿಯೇ ಕಟ್ಟಬೇಕೆಂದಲ್ಲ. ಆ ಭೂಮಿಯ ಉತ್ಪತ್ತಿಯು ಶಾಲೆಗೆ ಸಲ್ಲಬೇಕೆಂದು. ಅನೇಕ ಕಡೆ ಅದನ್ನು ಅಗ್ಗದ ಬೆಲೆಗೆ ಮಾರಿಬಿಟ್ಟರೆಂಬುದು ವ್ಯಸನಕರ. ಆದರೂ ಊರು ಹುಟ್ಟುವ ಮೊದಲೇ ಶಾಲೆಗೆ ಪಾಲು ತೆಗೆದಿಟ್ಟುದನ್ನು, ಕಟ್ಟಡದ ನಿಧಿಗಾಗಿ ವರ್ಷವರ್ಷವೂ ಕೈಚಾಚುವ ನಮ್ಮಂಥವರು ಮೆಚ್ಚದೆ ಇರಲಾರೆವು. ಮಕ್ಕಳು ನಡೆದು ಬರುವಷ್ಟು ದೂರದಲ್ಲಿ ಒಂದೇ ಕೋಣೆಯ ಶಾಲೆಗಳೆದ್ದುವು. ಅಲ್ಲಿ ಹುಡುಗರೂ ಹುಡುಗಿಯರೂ ಒಟ್ಟಿಗೆ ಕುಳಿತು, ಅನೇಕ ವೇಳೆ ತರುಣಿಯಾದ ಉಪಾಧ್ಯಾಯಿನಿಯೊಬ್ಬಳಿಂದಲೇ ಕಲಿತರು.

ಹೆಣ್ಣುಮಕ್ಕಳಿಗೆ ಇನ್ನೊಂದು ಬಾಗಿಲೂ ತೆರೆಯಿತು. 1862ರ ಹೋಮ್‌ಸ್ಟೆಡ್ ಕಾಯಿದೆಯಂತೆ 21 ವರ್ಷ ತುಂಬಿದ ಅವಿವಾಹಿತೆಯೂ ವಿಧವೆಯೂ ತಮ್ಮ ಹೆಸರಿನಲ್ಲಿಯೇ 160 ಎಕರೆಗೆ, ಎಂದರೆ ಒಂದು ಭಾಗದ ಕಾಲು ಪಾಲಿಗೆ, ಅರ್ಜಿ ಹಾಕಬಹುದಾಗಿತ್ತು. ಐದು ವರ್ಷ ಅಲ್ಲಿಯೇ ವಾಸಿಸಿ ಸಾಗುವಳಿ ಮಾಡಿದರೆ ಭೂಮಿ ಅವರದಾಗುತ್ತಿತ್ತು. ನೆಬ್ರಾಸ್ಕ, ಡಕೋಟ ಪ್ರಾಂತಗಳಲ್ಲಿ ಹೀಗೆ ಒಂಟಿಯಾಗಿ ನೆಲೆ ನಿಂತ ಸ್ತ್ರೀಯರಲ್ಲಿ ಉಪಾಧ್ಯಾಯಿನಿಯರೂ ಇದ್ದರು.

ಓಹಾಯೋವಿನಲ್ಲಿ ಟೌನ್‌ಷಿಪ್ಪು ಇಂದು ಸ್ಥಳೀಯಾಡಳಿತದ ಘಟಕವೂ ಹೌದು. ಜನರು ಆರಿಸಿದ ಮೂವರು ಧರ್ಮದರ್ಶಿಗಳು ಅದರ ರಸ್ತೆಗಳನ್ನೂ ಸ್ಮಶಾನಗಳನ್ನೂ ನೋಡಿಕೊಳ್ಳುವರು.