ಭಾರಕ್ಕೆ ಗೋಡೆ, ನೀರಿಗೆ ಹಾಳೆ

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರಿಗೆ ನೀರು ಕಟ್ಟುವುದು ಹೊಸ ವಿದ್ಯೆಯೇನಲ್ಲ. ಸಖರಾಯಪಟ್ಟಣದ ಅಯ್ಯನಕೆರೆ, ಎಮ್ಮೆದೊಡ್ಡಿಯ ಮದಗದ ಕೆರೆ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಈ ಸೀಮೆಯವೇ. ಸಣ್ಣ ಲೆಕ್ಕದಲ್ಲಿ ಕೊಟ್ಟಿಗೆಯ ಮುಂದೆ ಕಲ್ಲುಬಾನಿ, ಊರ ತೊಂಬೆಯ ಪಕ್ಕ ದನದ ತೊಟ್ಟಿ. ಅಮೃತ್ ಮಹಲ್ ರಾಸುಗಳ ತಳಿ ಸಂವರ್ಧನಾ ಕೇಂದ್ರವಿರುವ ಅಜ್ಜಂಪುರದಲ್ಲಿ ತೊಟ್ಟಿಯ ಬೆಲೆಯನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಅದೇ ತೊಟ್ಟಿಯಲ್ಲಿ ನಾಲ್ಕು ನೈದಿಲೆ ಬಳ್ಳಿ ನೆಟ್ಟು, ಹತ್ತಾರು ಮೀನು ಬಿಟ್ಟು, ಹಳೆಯ ನೀರನ್ನು ತರಕಾರಿ ಮಡಿಗೆ ಹರಿಸಿದರೆ ಅದು ಹಿತ್ತಲ ಕೊಳ.

ನೆಲ ಅಗೆಯದೆ ಮೇಲೆಯೇ ಕಟ್ಟುವುದರಲ್ಲಿ ಅನುಕೂಲ ಹಲವು. ಗಟ್ಟಿ ನೆಲವಿದ್ದಲ್ಲಿ ಜೆಸಿಬಿ ಬಾಡಿಗೆ ಉಳಿಯುತ್ತದೆ. ಮಳೆಯ ಕೆಸರುನೀರು ನುಗ್ಗುವುದಿಲ್ಲ. ಬುಡಕ್ಕೊಂದು ನಲ್ಲಿ ಕೂರಿಸಿದರೆ ಪಂಪು ಬೇಡ, ನೀರು ತಾನಾಗಿ ಮಡಿಗೆ ಇಳಿಯುತ್ತದೆ. ಖರ್ಚು ಹೆಚ್ಚುವುದು ಒಂದೇ ಕಡೆ: ನೀರಿನ ಭಾರವನ್ನೂ ಸೋರಿಕೆಯನ್ನೂ ಒಂದೇ ಗೋಡೆ ತಡೆಯಲಿ ಎಂದು ಹಟ ಹಿಡಿದಾಗ. ಆಗ ಕಬ್ಬಿಣ, ಕಾಂಕ್ರೀಟು, ಎರಡೆರಡು ಪದರ ಗಾರೆ ಎಲ್ಲವೂ ಬೇಕಾಗುತ್ತದೆ. ಭಾರವನ್ನು ಗೋಡೆಗೂ ಸೋರಿಕೆಯನ್ನು ಒಳಗೆ ಹಾಸುವ ಪ್ಲಾಸ್ಟಿಕ್ ಹಾಳೆಗೂ ಹಂಚಿಕೊಟ್ಟರೆ, ಸಂದುಗಳಿರುವ ಗೋಡೆಯೂ ನಡೆಯುತ್ತದೆ, ಸುತ್ತಮುತ್ತ ಸಿಗುವ ಯಾವ ಸಾಮಗ್ರಿಯೂ ಒದಗುತ್ತದೆ.

ಮೊದಲು ಆಳ ನಿಶ್ಚಯವಾಗಬೇಕು. ನೀರು ಗೋಡೆಯನ್ನು ತಳ್ಳುವ ಬಲ ಆಳದ ವರ್ಗಕ್ಕೆ ತಕ್ಕಂತೆ ಏರುತ್ತದೆ. 2 ಅಡಿ ನೀರಿದ್ದರೆ ಗೋಡೆಯ ಪ್ರತಿ ಅಡಿ ಉದ್ದದ ಮೇಲೆ ಸುಮಾರು 57 ಕೆ.ಜಿ. ತಳ್ಳು ಬೀಳುತ್ತದೆ, 3 ಅಡಿಗೆ 127, 4 ಅಡಿಗೆ 226 ಕೆ.ಜಿ. ನೈದಿಲೆಗೂ ಸಣ್ಣ ಮೀನಿಗೂ 2 ಅಡಿ ಸಾಕು. ಹೆಚ್ಚು ನೀರು ಬೇಕಿದ್ದರೆ ಅಗಲ ಹೆಚ್ಚಿಸಿ, ಎತ್ತರವನ್ನು ಮುಟ್ಟಬೇಡಿ.

ಸಾಮಗ್ರಿಯ ಆಯ್ಕೆ ಊರಿಂದೂರಿಗೆ ಬದಲಾಗುತ್ತದೆ. ತರೀಕೆರೆಯ ತೋಟಗಳಲ್ಲಿ ಅಡಿಕೆ ದಬ್ಬೆಗೆ ಬರವಿಲ್ಲ. ಕಡಿದ ಹಳೆಯ ಮರವನ್ನು ಸೀಳಿ, ಎರಡು ಅಡಿಗೊಂದು ಗೂಟ ನೆಟ್ಟು, ಅಡ್ಡಕ್ಕೆ ದಬ್ಬೆ ಜೋಡಿಸಿ ತಂತಿ ಬಿಗಿದರೆ ಚೌಕಟ್ಟು ಸಿದ್ಧ. ಇದಕ್ಕೆ ದುಡ್ಡು ಹೋಗುವುದು ತಂತಿಗೆ ಮತ್ತು ಹಾಳೆಗೆ ಮಾತ್ರ. ಆದರೆ ದಬ್ಬೆ ಮಣ್ಣು ಸೇರುವ ಕಡೆ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ. ಹೂತ ತುದಿಗೆ ಡಾಂಬರು ಬಳಿದು, ನೀರನ್ನು ಒಂದೂವರೆ ಅಡಿಗೆ ನಿಲ್ಲಿಸಿ, ಕೆಲವು ವರ್ಷಕ್ಕೊಮ್ಮೆ ದಬ್ಬೆ ಬದಲಿಸುವ ಮನಸ್ಸಿದ್ದವರಿಗೆ ಇದು ಸರಿ.

ಕಡೂರಿನ ಕಡೆ ಹೊಲದ ಬೇಲಿಗೆ ನಿಲ್ಲಿಸುವ ಕಲ್ಲನ್ನೇ ಕೊಳಕ್ಕೂ ತರಬಹುದು. 3 ಅಡಿಯ ಚಪ್ಪಡಿಯನ್ನು ಒಂದಡಿ ಹೂತು ಎರಡಡಿ ಮೇಲೆ ಬಿಟ್ಟು ಸಾಲಾಗಿ ನಿಲ್ಲಿಸಿದರೆ ಗೋಡೆಯಾಯಿತು. ಸಂದು ಮುಚ್ಚುವ ಚಿಂತೆ ಬೇಡ, ಒಳಗೆ ಹಾಳೆ ಇರುತ್ತದಲ್ಲ. ಕಲ್ಲಿಗೆ ಸಾಗಣೆಯೇ ಖರ್ಚು. ಹಳೆ ಮನೆ ಕೆಡವಿದ ಚಪ್ಪಡಿ ಊರಲ್ಲೇ ಸಿಕ್ಕರೆ ಇದರಷ್ಟು ಬಾಳುವ ಗೋಡೆ ಇನ್ನೊಂದಿಲ್ಲ.

ಅಜ್ಜಂಪುರದ ಎರೆಭೂಮಿಯ ಕಥೆ ಬೇರೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮೇಲೆ ಕಟ್ಟಿದ ಗಟ್ಟಿ ಗೋಡೆ ಅದರ ಜೊತೆ ಸೀಳುತ್ತದೆ. ಮೇಲಿನ ಒಂದಡಿ ಎರೆ ತೆಗೆದು ಗೊರಚು ಮಣ್ಣು ತುಂಬಿ ದಮ್ಮಸ್ಸು ಮಾಡುವುದು ಮೊದಲ ಕೆಲಸ. ಇಲ್ಲಿ ಸಿಮೆಂಟ್ ರಿಂಗ್ ಒಳ್ಳೆಯದು. ರಿಂಗ್ ಒಂದೇ ತುಂಡಾದ್ದರಿಂದ ನೆಲ ಅಲುಗಿದರೂ ಇಡಿಯಾಗಿ ಅಲುಗುತ್ತದೆ. 4 ಅಡಿ ಅಗಲ, 1 ಅಡಿ ಎತ್ತರದ ರಿಂಗಿನಲ್ಲಿ ಸುಮಾರು 355 ಲೀಟರ್ ಹಿಡಿಯುತ್ತದೆ; ಎರಡು ಪೇರಿಸಿದರೆ 700 ದಾಟುತ್ತದೆ. ಮನೆಯಂಗಳದ ಮೊದಲ ಕೊಳಕ್ಕೆ ಇಷ್ಟು ಸಾಕು.

ಇನ್ನೂ ದೊಡ್ಡದು ಬೇಕಿದ್ದವರಿಗೆ ಸಾಲಿಡ್ ಬ್ಲಾಕ್. ಒಳಗೆ 8 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಎತ್ತರಕ್ಕೆ 6 ಇಂಚಿನ ಬ್ಲಾಕು ಮೂರು ವರಸೆಯಲ್ಲಿ 63 ಬೇಕು. ಒಡೆಯುವುದಕ್ಕೆಂದು ನಾಲ್ಕು ಹೆಚ್ಚು ತನ್ನಿ. ತುಂಬಿದಾಗ ಇದರಲ್ಲಿ 2,265 ಲೀಟರ್, ಅಂದರೆ ಎರಡೂಕಾಲು ಟನ್ ಭಾರ. ಹಾಗಾಗಿ ಬ್ಲಾಕಿನಲ್ಲಿ ಉಳಿಸಿದರೂ ನೆಲ ಮಟ್ಟ ಮಾಡುವುದರಲ್ಲಿ ಉಳಿಸಬೇಡಿ. ನೀರು ತುಂಬಿದ ಟ್ಯೂಬ್ ಹಿಡಿದು ನಾಲ್ಕು ಮೂಲೆಯ ಮಟ್ಟ ನೋಡದ ಕೊಳದಲ್ಲಿ ನೀರು ಒಂದು ಕಡೆ ಕಂಠಮಟ್ಟ, ಇನ್ನೊಂದು ಕಡೆ ಗೇಣು ಕೆಳಗೆ.

ಹಾಳೆಯೇ ಬೇಡ ಎನ್ನುವವರಿಗೆ ಫೆರೋಸಿಮೆಂಟ್ ಇದೆ: ತಂತಿ ಜಾಲರಿಯ ಮೇಲೆ ಒಂದಿಂಚು ಗಾರೆ. ಪ್ಯಾರಿಸ್ಸಿನ ತೋಟಗಾರ ಜೋಸೆಫ್ ಮೋನಿಯೇ 1867ರಲ್ಲಿ ಪೇಟೆಂಟ್ ಪಡೆದದ್ದು ಕಬ್ಬಿಣದ ಜಾಲರಿ ಹುದುಗಿಸಿದ ಸಿಮೆಂಟಿನ ತೋಟದ ತೊಟ್ಟಿಗಳಿಗೆ. ಇಂದಿನ ಆರ್‌ಸಿಸಿ ಸೇತುವೆ, ಮಹಡಿಗಳ ವಂಶವೃಕ್ಷದಲ್ಲಿ ಗಿಡದ ಕುಂಡವೂ ಇದೆ. ಇದರಲ್ಲಿ ಸಾಮಗ್ರಿ ಕಡಿಮೆ ಹಿಡಿಯುತ್ತದೆ, ಆದರೆ ಕೈ ಪಳಗಿದ ಗಾರೆಯವರು ಬೇಕು. ಮೂರು ವಾರ ಒದ್ದೆಯಾಗಿಡುವ ತಾಳ್ಮೆಯೂ ಬೇಕು.

ಇನ್ನು ಹಾಳೆ. ಗೋಡೆಯಲ್ಲಿ ಉಳಿಸಿದ್ದನ್ನು ಸುರಿಯಬೇಕಾದದ್ದು ಇಲ್ಲಿ. ಅಂಗಡಿಯ ತೆಳು ನೀಲಿ ಟಾರ್ಪಾಲು ಬಿಸಿಲಿಗೆ ಪುಡಿಯಾಗುತ್ತದೆ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಕೃಷಿ ಹೊಂಡಕ್ಕೆ ಹಾಸುವ ದಪ್ಪ ಹಾಳೆ ಹಳ್ಳಿಯವರಿಗೂ ಪರಿಚಿತ. ಕೊಳ್ಳುವಾಗ ಬಣ್ಣಕ್ಕಿಂತ ಜಿಎಸ್‌ಎಂ ಕೇಳಿ: ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. 250ರ ಆಸುಪಾಸಿನದು ಇರಲಿ. ಅಳತೆ ಸುಲಭ: ಉದ್ದಕ್ಕೆ ಆಳದ ಎರಡರಷ್ಟು ಕೂಡಿಸಿ, ಅಂಚು ಮಡಿಸಲು ಎರಡಡಿ ಸೇರಿಸಿ, ಅಗಲಕ್ಕೂ ಹಾಗೆಯೇ. ಮೇಲಿನ ಬ್ಲಾಕ್ ಕೊಳಕ್ಕೆ 14ಕ್ಕೆ 11 ಅಡಿ ಬರುತ್ತದೆ. 15ಕ್ಕೆ 12ರ ಹಾಳೆ ತಂದರೆ ಸಾಕು.

ಹಾಳೆಯ ಕೆಳಗೆ ಎರಡಿಂಚು ಮರಳು, ಅದರ ಮೇಲೆ ಹಳೆಯ ಗೋಣಿಚೀಲ. ಹುಲ್ಲು ಹಾಸಬೇಡಿ, ಇಲಿ ಗೂಡು ಮಾಡುತ್ತದೆ. ಬಿಸಿಲು ಮೊದಲು ಹಾಳುಮಾಡುವುದು ನೀರಿನ ಮೇಲೆ ಉಳಿದ ಅಂಚನ್ನು. ಅದರ ಮೇಲೆ ಚಪ್ಪಡಿಯನ್ನೋ ಮಣ್ಣು ತುಂಬಿದ ಚೀಲವನ್ನೋ ಇಟ್ಟು ಮುಚ್ಚಿ. ಸುತ್ತಮುತ್ತ ಸಿಗುವ ಯಾವ ಸಾಮಗ್ರಿಯೂ ಒದಗುತ್ತದೆ ಎಂದರೂ, ಕ್ರಿಮಿನಾಶಕದ ಡ್ರಮ್ಮನ್ನಂತೂ ಎಷ್ಟು ತೊಳೆದರೂ ಕೊಳಕ್ಕೆ ತರಬೇಡಿ.

ಹೊಸ ಸಿಮೆಂಟು ಸುಣ್ಣ ಬಿಡುತ್ತದೆ, ಮೀನು ಸಾಯುತ್ತದೆ. ಹಾಳೆಯಿಲ್ಲದ ರಿಂಗ್ ಅಥವಾ ಫೆರೋಸಿಮೆಂಟ್ ಕೊಳಕ್ಕೆ ನೀರು ತುಂಬಿ, ಬಾಳೆದಿಂಡು ಕೊಚ್ಚಿ ಹಾಕಿ, ಕೆಲವು ದಿನ ಕೊಳೆಯಲು ಬಿಟ್ಟು ಚೆಲ್ಲುವುದು ಮೀನು ಸಾಕುವವರ ಹಳೆಯ ಉಪಾಯ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಗಪ್ಪಿ ಬಿಡಿ. ಸೊಳ್ಳೆಮರಿ ತಿನ್ನಿಸಲು ಆರೋಗ್ಯ ಇಲಾಖೆ ಬಳಸುವ ಮೀನುಗಳಲ್ಲಿ ಗಪ್ಪಿಯೂ ಒಂದು. ಮೀನಿಲ್ಲದ ಕೊಳ ಸೊಳ್ಳೆಯ ಹೆರಿಗೆಮನೆ. ನೈದಿಲೆ ಎಲೆ ಅರ್ಧ ನೀರನ್ನು ಮುಚ್ಚಿದರೆ ಪಾಚಿಯೂ ಕಡಿಮೆ, ಆವಿಯೂ ಕಡಿಮೆ. ಬೇಸಿಗೆಯಲ್ಲಿ ದಿನಕ್ಕೆ 6 ಮಿ.ಮೀ. ಆರಿದರೂ ಬ್ಲಾಕ್ ಕೊಳದಿಂದ 22 ಲೀಟರ್ ಹೋಗುತ್ತದೆ. ಕಡೂರಿನಂಥ ಬರದ ಸೀಮೆಯಲ್ಲಿ ಅದು ಸಣ್ಣ ಲೆಕ್ಕವಲ್ಲ.

ಕಟ್ಟಲು ಒಳ್ಳೆಯ ಕಾಲ ಬೇಸಿಗೆ. ನೆಲ ಒಣಗಿರುತ್ತದೆ, ಗಾರೆ ಕೆಲಸಕ್ಕೆ ಮಳೆಯ ಕಾಟವಿಲ್ಲ. ಅಷ್ಟರೊಳಗೆ ಸೂರಿನ ದೋಣಿಗೊಂದು ಪೈಪು ಜೋಡಿಸಿಟ್ಟಿರಿ. 1,000 ಚದರಡಿ ಚಾವಣಿಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ 2,300 ಲೀಟರ್ ನೀರು. ಮೊದಲ ಮಳೆಯ ಧೂಳನ್ನು ಹೊರಗೆ ಬಿಟ್ಟು ಮುಂದಿನದನ್ನು ತಿರುಗಿಸಿದರೆ, ಕೊಳ ತುಂಬಲು ಬೋರ್‌ವೆಲ್ ಸ್ವಿಚ್ಚು ಒತ್ತಬೇಕಿಲ್ಲ, ಟ್ಯಾಂಕರಿಗೆ ಕೊಡಬೇಕಿಲ್ಲ. ಕೊಳದ ಖರ್ಚಿನ ಪಟ್ಟಿಯಲ್ಲಿ ಎಲ್ಲರಿಗೂ ಪುಕ್ಕಟೆ ಸಿಗುವ ಸಾಮಗ್ರಿ ನೀರೊಂದೇ. ಅದನ್ನು ಹಿಡಿಯುವ ಪೈಪಿಗೂ ನಾಲ್ಕು ಕಾಸು ಎತ್ತಿಡಿ.