ನೋಹನ ನಾವೆಯ ಎರಡು ಲೆಕ್ಕಗಳು

ಜಲಪ್ರಳಯದ ಕಥೆಯನ್ನು ಬಲ್ಲವರು ಬಹುಮಂದಿ. ಬೈಬಲಿನ ಆದಿಕಾಂಡದಲ್ಲಿ ಅದನ್ನು ಲೆಕ್ಕವಿಟ್ಟು ಓದಿದವರು ವಿರಳ. ಪ್ರತಿಯೊಂದು ಜಾತಿಯಿಂದ ಒಂದು ಜೋಡಿಯನ್ನು ನಾವೆಗೆ ಸೇರಿಸಿಕೊಳ್ಳುವಂತೆ ಆರನೆಯ ಅಧ್ಯಾಯದಲ್ಲಿ ನೋಹನಿಗೆ ಅಪ್ಪಣೆಯಾಗುತ್ತದೆ. ಏಳನೆಯದರಲ್ಲಿ, ಶುದ್ಧಪ್ರಾಣಿಗಳಾದರೆ ಏಳೇಳು. ಅಪ್ಪಣೆಯಿತ್ತವನು ಅಲ್ಲಿ ‘ದೇವರು’, ಇಲ್ಲಿ ‘ಯೆಹೋವ’. ಈ ಭೇದ ಕನ್ನಡ ಬೈಬಲಿನಲ್ಲಿಯೂ ಉಳಿದುಬಂದಿರುವುದರಿಂದ ಹೀಬ್ರೂ ಅರಿಯದ ನನ್ನಂಥವನಿಗೂ ಕಾಣಸಿಕ್ಕಿತು.

ಹೆಸರುಗಳ ಈ ಜಾಡು ಹಿಡಿದೇ 1753ರಲ್ಲಿ ಫ್ರಾನ್ಸಿನ ವೈದ್ಯ ಝಾನ್ ಆಸ್ಟ್ರುಕರು ಆದಿಕಾಂಡದ ಹಿಂದೆ ಹಳೆಯ ಬರಹಗಳಿವೆಯೆಂದು ಊಹಿಸಿದರು; ಪುಸ್ತಕಕ್ಕೆ ತಮ್ಮ ಹೆಸರನ್ನು ಮಾತ್ರ ಹಾಕಲಿಲ್ಲ! ಮುಂದೆ ಜರ್ಮನಿಯ ವೆಲ್‌ಹೌಸೆನ್ನರು ಆ ಎಳೆಗಳಿಗೆ ಕಾಲನಿರ್ಣಯ ಮಾಡಿ ಶಾಸ್ತ್ರವನ್ನೇ ಕಟ್ಟಿದರು. ಆದರೆ ತಮ್ಮ ಪಾಠ ಕೇಳಿದ ವಿದ್ಯಾರ್ಥಿಗಳು ಚರ್ಚಿನ ಸೇವೆಗೆ ಒದಗದವರಾಗುತ್ತಿದ್ದಾರೆಂದು ಮನಸ್ಸಾಕ್ಷಿ ಚುಚ್ಚಲು, 1882ರಲ್ಲಿ ದೇವತಾಶಾಸ್ತ್ರದ ಪ್ರಾಧ್ಯಾಪಕ ಪದವಿಯನ್ನು ತಾವಾಗಿಯೇ ತ್ಯಜಿಸಿದರು. ಅಧ್ಯಾಪಕನಾಗಿದ್ದ ನನ್ನನ್ನು ಅವರ ಸಿದ್ಧಾಂತಕ್ಕಿಂತ ಈ ತ್ಯಾಗವೇ ಹೆಚ್ಚು ಕಾಡಿದೆ.

ಎಳೆ ಬಿಡಿಸಿದ ಮೇಲೆ ಬಟ್ಟೆಯ ಗತಿಯೇನು? 1978ರಲ್ಲಿ ಇಂಗ್ಲೆಂಡಿನ ವಿದ್ವಾಂಸ ಗಾರ್ಡನ್ ವೆನಮ್ ಅವರು ಕಥೆಯನ್ನು ಮತ್ತೆ ಇಡಿಯಾಗಿ ಓದಿ ತೋರಿಸಿದರು. ಅದರಲ್ಲಿ ದಿನಗಳ ಎಣಿಕೆ 7, 7, 40, 150 ಎಂದು ಏರಿ, 150, 40, 7, 7 ಎಂದು ಇಳಿಯುತ್ತದೆ. ನಟ್ಟನಡುವೆ ದೇವರು ನೋಹನನ್ನು ನೆನೆಯುತ್ತಾನೆ. ಇದು ಒಂದೇ ಕೈಯ ಬರಹವೆಂಬುದು ಇಷ್ಟರಿಂದ ನನಗೆ ಸಿದ್ಧವಾಗದು. ಕೊನೆಯಲ್ಲಿ ಹೆಣೆದವನು ಅರಿಯದೆ ಹೆಣೆಯಲಿಲ್ಲವೆಂಬುದನ್ನು ಮಾತ್ರ ಒಪ್ಪುತ್ತೇನೆ. ಓಲೆಗರಿಗಳ ಪಾಠಾಂತರಗಳಲ್ಲಿ ಒಂದನ್ನು ಆರಿಸಿ ಉಳಿದುವನ್ನು ಅಡಿಟಿಪ್ಪಣಿಗೆ ಇಳಿಸುವುದು ನಮ್ಮ ಗ್ರಂಥಸಂಪಾದಕರ ರೂಢಿ. ಆತನಾದರೋ ಎರಡು ಲೆಕ್ಕಗಳನ್ನೂ ಒಂದೇ ನಾವೆಗೆ ಹತ್ತಿಸಿದನು.