ಮಾಳಿಗೆಯ ತೊಟ್ಟಿಗೊಂದು ಯಂತ್ರದ ಕಾವಲು

ನೀರಿನ ಪಂಪನ್ನು ಹಾಕಿ ಮರೆತುಬಿಡುವುದೂ, ಮಾಳಿಗೆಯ ಮೇಲಣ ತೊಟ್ಟಿಯು ತುಂಬಿ ನೀರು ಬೀದಿಪಾಲಾಗುವುದೂ ಪಟ್ಟಣವಾಸಿಗಳಾದ ಗೃಹಸ್ಥರಿಗೆ ಹೊಸ ಸಂಗತಿಯಲ್ಲ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ತರುವಾಯ ನಾವು ಈ ಕಾವಲಿನ ಕಾರ್ಯವನ್ನು ಒಂದು ಪುಟ್ಟ ಕಂಪ್ಯೂಟರಿಗೆ ಒಪ್ಪಿಸಲು ಉದ್ಯುಕ್ತರಾದೆವು. ಅರವತ್ತರ ವಯಸ್ಸಿನಲ್ಲಿ ಇದೇನು ಹುಡುಗಾಟವೆಂದು ಮನೆಯವರು ನಕ್ಕುದೂ ಉಂಟು.

ಇಂತಹ ಪ್ರಯೋಗಗಳಿಗೆ ಒದಗುವ 'ಆರ್ಡುಯಿನೊ' ಎಂಬ ಫಲಕವು 2005ರಲ್ಲಿ ಇಟಲಿ ದೇಶದ ಇವ್ರೆಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳ ಅಭ್ಯಾಸಕ್ಕೆಂದೇ ಜನ್ಮತಾಳಿತು. ಅದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಬರೆದು ತುಂಬಿದ ಆಜ್ಞೆಗಳನ್ನು ವಿದ್ಯುತ್ತು ಇರುವವರೆಗೂ ಬೇಸರವಿಲ್ಲದೆ ಆವರ್ತಿಸುತ್ತಿರುವುದು. ರಾಮಶಬ್ದವನ್ನು ಹೀಗೆ ಆವರ್ತಿಸುವ ಶಿಷ್ಯನೊಬ್ಬನೂ ನಮಗೆ ದೊರೆತಿರಲಿಲ್ಲ!

ನೀರಿನ ಮಟ್ಟವನ್ನು ತಿಳಿಯುವ ಬಗೆಯು ಮನೋಹರವಾದುದು. ತೊಟ್ಟಿಯ ಮುಚ್ಚಳಕ್ಕೆ ಕೂಡಿಸಿದ 'ಸೆನ್ಸರ್' ಎಂಬ ಸಂವೇದಕವು ಸೆಕೆಂಡಿಗೆ 40,000 ಕಂಪನಗಳುಳ್ಳ, ಮನುಷ್ಯರ ಕಿವಿಗೆ ಕೇಳಿಸದ ಧ್ವನಿಯನ್ನು ಕೆಳಕ್ಕೆ ಕಳುಹುವುದು. ಅದು ನೀರಿಗೆ ತಗುಲಿ ಹಿಂದಿರುಗಲು ಹಿಡಿದ ಕಾಲವನ್ನು ಕಂಪ್ಯೂಟರು ಅಳೆಯುವುದು. ಧ್ವನಿಯು ವಾಯುವಿನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ಸಂಚರಿಸುವುದರಿಂದ, ನೀರು 1 ಮೀಟರು ಕೆಳಗಿದ್ದರೆ ಪ್ರತಿಧ್ವನಿಯು ಸೆಕೆಂಡಿನ ಸಾವಿರದಲ್ಲಿ ಸುಮಾರು 6 ಭಾಗದಷ್ಟು ಕಾಲದಲ್ಲಿ ಮರಳುವುದು. ತೇವವನ್ನು ತಾಳುವ ಜಾತಿಯ ಸಂವೇದಕವನ್ನೇ ಕೊಳ್ಳತಕ್ಕದ್ದು. ಅದು ಒಂದು ಗೇಣಿನಷ್ಟು ಹತ್ತಿರದ್ದನ್ನು ಸರಿಯಾಗಿ ಅರಿಯಲಾರದಾದ್ದರಿಂದ, ತುಂಬಿದ ನೀರಿಗಿಂತ ಅಷ್ಟು ಮೇಲಕ್ಕೇ ಅದನ್ನು ಕೂಡಿಸಬೇಕು.

ಇಷ್ಟನ್ನು ಸಾಧಿಸಿ ಹಿಗ್ಗಿದ ನಾವು, 10 ಆಂಪಿಯರು ಎಂದು ಬರೆದಿದ್ದ ಚಿಕ್ಕ ರಿಲೇಯ ಮೂಲಕವೇ ಒಂದು ಅಶ್ವಶಕ್ತಿಯ ಮೋಟಾರನ್ನು ಓಡಿಸಿದೆವು. ಕೆಲವು ವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. ಒಂದು ರಾತ್ರಿ ಕಂಪ್ಯೂಟರು 'ನಿಲ್ಲು' ಎಂದರೂ ಪಂಪು ನಿಲ್ಲಲಿಲ್ಲ. ತೊಟ್ಟಿ ತುಂಬಿ ಹರಿಯಿತು. ನೆಲದ ಸಂಪು ಬರಿದಾಯಿತು. ಬೆಳಗಿನವರೆಗೂ ನೀರಿಲ್ಲದೆ ಓಡಿದ ಪಂಪು ಕೆಟ್ಟುಹೋಯಿತು. ರಿಲೇಯನ್ನು ಬಿಚ್ಚಿ ನೋಡಲಾಗಿ, ಒಳಗಣ ಲೋಹದ ತುದಿಗಳೆರಡೂ ಬೆಸುಗೆ ಹಾಕಿದಂತೆ ಅಂಟಿಕೊಂಡಿದ್ದವು. ಮೋಟಾರು ಹೊರಡುವ ಕ್ಷಣದಲ್ಲಿ ಓಟದ ಕಾಲಕ್ಕಿಂತ ಹಲವು ಮಡಿ ಹೆಚ್ಚು ವಿದ್ಯುತ್ತನ್ನು ಎಳೆಯುವುದೆಂಬುದನ್ನು ನಾವು ಗಣನೆಗೆ ತಂದಿರಲಿಲ್ಲ. ತಪ್ಪು ಯಂತ್ರದ್ದಲ್ಲ, ನಮ್ಮದು.

ಈಗಿನ ಏರ್ಪಾಡು ಬೇರೆ. ರಿಲೇಯು 'ಕಾಂಟ್ಯಾಕ್ಟರ್' ಎಂಬ ದೊಡ್ಡ ಸ್ವಿಚ್ಚಿನ ಸುರುಳಿಯನ್ನು ಮಾತ್ರ ಎಬ್ಬಿಸುವುದು; ಮೋಟಾರಿನ ಭಾರವನ್ನು ಹೊರುವುದು ಕಾಂಟ್ಯಾಕ್ಟರು. ಆ ಸುರುಳಿಯ ತಂತಿಯ ದಾರಿಯಲ್ಲಿಯೇ ತೊಟ್ಟಿಗೊಂದು, ಸಂಪಿಗೊಂದು ತೇಲುವ ಸ್ವಿಚ್ಚನ್ನು ಕೂಡಿಸಿದೆವು. ಮೇಲೆ ತುಂಬಿದರೂ ಕೆಳಗೆ ಬತ್ತಿದರೂ, ಕಂಪ್ಯೂಟರು ಏನೇ ಹೇಳಲಿ, ಸುರುಳಿಗೆ ವಿದ್ಯುತ್ತು ತಪ್ಪುವುದು. ಕರೆಂಟು ಹೋಗಿ ಬಂದಾಗ 'ನಿಂತಿರು' ಎಂಬುದೇ ಪ್ರಥಮಾಜ್ಞೆ. ಪ್ರತಿಧ್ವನಿಯು ಬಾರದಿದ್ದರೆ ತೊಟ್ಟಿ ಬರಿದೆಂದು ಭಾವಿಸದೆ, ಸಂವೇದಕವು ಕೆಟ್ಟಿದೆಯೆಂದೇ ಎಣಿಸಿ ಪಂಪನ್ನು ನಿಲ್ಲಿಸುವಂತೆ ಬರೆದಿದ್ದೇವೆ.

5 ವೋಲ್ಟಿನ ಕಡೆಯ ಕೆಲಸವನ್ನು ವಾಚಕರು ತಾವೇ ಮಾಡಿ ಆನಂದಿಸಬಹುದು. 230 ವೋಲ್ಟಿನ ಜೋಡಣೆಯನ್ನೂ ಅರ್ತಿಂಗನ್ನೂ ಬಲ್ಲ ಎಲೆಕ್ಟ್ರಿಷಿಯನ್ನನಿಂದಲೇ ಮಾಡಿಸತಕ್ಕದ್ದು. ಇದರಲ್ಲಿ ಸಂಕೋಚಪಡಬೇಕಾದುದಿಲ್ಲ, ನಾವೂ ಹಾಗೆಯೇ ಮಾಡಿಸಿದೆವು. ಮನೆಯಾಕೆಯ ಅಪೇಕ್ಷೆಯಂತೆ ಅಡಿಗೆಮನೆಯ ಬಾಗಿಲ ಬಳಿಯ ಹಳೆಯ ಕೈಸ್ವಿಚ್ಚನ್ನೂ ಉಳಿಸಿಕೊಂಡಿದ್ದೇವೆ. ಕೆಲವು ದಿನ ಬೆಳಿಗ್ಗೆ, ಯಂತ್ರಕ್ಕಿಂತ ಮುಂಚೆ, ಆಕೆಯೇ ಅದನ್ನು ಒತ್ತಿರುವುದುಂಟು.